ಬಲಗಾಲಿನ ಬ್ರೇಕು



ಬೈಕಿನ ಹಿಂದಿನ ಡಿಸ್ಕ್ ಬ್ರೇಕಿಗೆ ಮನೆಯಲ್ಲೇ ಹೊಸ ರಬ್ಬರು ಹಾಕುವುದು, ಆಮೇಲೆ ಅದರ ಆಯಿಲಿನಲ್ಲಿ ಸೇರಿಕೊಂಡ ಗಾಳಿಯನ್ನು ತೆಗೆಯುವುದು, ಇದು ಇವತ್ತಿನ ವಿಷಯ. ಬ್ರೇಕಿನಂಥ ಕೆಲಸವನ್ನು ರೇಡಿಯೋ ಕೇಳಿ ಕಲಿಯುವುದುಂಟೇ ಎಂದು ಯಾರಾದರೂ ಹುಬ್ಬು ಏರಿಸಿದರೆ ಅವರದ್ದು ತಪ್ಪಲ್ಲ. ಸ್ಪ್ಯಾನರ್ ಹಿಡಿಯುವ ಹದ ಮಾತಿನಿಂದ ಬರುವುದಿಲ್ಲ. ಆದರೆ ಈ ಕೆಲಸದಲ್ಲಿ ಕೈಗಿಂತ ಮೊದಲು ತಲೆಗೆ ಗೊತ್ತಿರಬೇಕಾದ ನಾಲ್ಕಾರು ಸಂಗತಿಗಳಿವೆ. ಅವು ಗೊತ್ತಿಲ್ಲದೆ ರಬ್ಬರು ಬದಲಿಸಿದವರು ಮುಂದಿನ ಮಳೆಗಾಲದ ಹೊತ್ತಿಗೆ ಅದೇ ದೂರು ಹೊತ್ತುಕೊಂಡು ಮತ್ತೆ ಸ್ಪೇರ್ಸ್ ಅಂಗಡಿಯ ಮುಂದೆ ನಿಂತಿರುತ್ತಾರೆ.

ನಮ್ಮಲ್ಲಿ ಬೈಕು ಓಡಿಸುವವರು ಹೆಚ್ಚಾಗಿ ನಂಬುವುದು ಬಲಗಾಲಿನ ಬ್ರೇಕನ್ನೇ. ಮುಂದಿನದನ್ನು ಹಿಡಿದರೆ ಮಗುಚಿ ಬೀಳುತ್ತೇವೆ ಎಂಬ ಹೆದರಿಕೆ ಸೈಕಲ್ ಕಲಿಯುವ ವಯಸ್ಸಿನಲ್ಲೇ ಒಳಗೆ ಹೊಕ್ಕಿರುತ್ತದೆ. ಬ್ರೇಕು ಹಾಕಿದಾಗ ಗಾಡಿಯ ಭಾರ ಮುಂದಕ್ಕೆ ವಾಲುವುದರಿಂದ ಮುಂದಿನ ಚಕ್ರದ ಬ್ರೇಕೇ ಹೆಚ್ಚು ಕೆಲಸ ಮಾಡುತ್ತದೆ, ಇದು ನಿಜ. ಆದರೆ ಅದು ಒಣಗಿದ ಡಾಂಬರು ರಸ್ತೆಯ ಮಾತು. ಜುಲೈ ತಿಂಗಳಲ್ಲಿ ಮಲೆನಾಡಿನ ಕೆಮ್ಮಣ್ಣಿನ ಇಳಿಜಾರಿನಲ್ಲಿ, ಹಿಂದೆ ಒಬ್ಬರನ್ನು ಕೂರಿಸಿಕೊಂಡು, ಟ್ಯಾಂಕಿನ ಮೇಲೆ ಅಕ್ಕಿ ಚೀಲ ಇಟ್ಟುಕೊಂಡು ಇಳಿಯುವವನಿಗೆ ಮುಂದಿನ ಬ್ರೇಕು ಹಿಡಿಯುವ ಧೈರ್ಯ ಬರುವುದಿಲ್ಲ. ಅವನನ್ನು ಕಾಯುವುದು ಹಿಂದಿನ ಬ್ರೇಕು. ಹೀಗೆ ಎಲ್ಲರೂ ನಂಬುವ ಈ ಬ್ರೇಕಿನ ಕಡೆ ಬಗ್ಗಿ ನೋಡುವವರು ಮಾತ್ರ ಬಹಳ ಕಡಿಮೆ.

ಅದಕ್ಕೊಂದು ಕಾರಣವಿದೆ. ಹಳೆಯ ಡ್ರಮ್ ಬ್ರೇಕಿನ ಗಾಡಿಗಳಲ್ಲಿ ಲೈನರ್ ಸವೆದ ಹಾಗೆ ಪೆಡಲ್ ಕೆಳಕ್ಕೆ ಹೋಗುತ್ತಿತ್ತು. ಬಗ್ಗಿ ಬ್ರೇಕ್ ರಾಡಿನ ತುದಿಯ ನಟ್ಟನ್ನು ಎರಡು ಸುತ್ತು ಬಿಗಿ ಮಾಡಲೇಬೇಕಿತ್ತು. ಆ ನೆಪದಲ್ಲಾದರೂ ಕಣ್ಣು ಚಕ್ರದ ಕಡೆ ಹೋಗುತ್ತಿತ್ತು. ಡಿಸ್ಕ್ ಬ್ರೇಕಿನಲ್ಲಿ ಅಂಥ ನಟ್ಟೇ ಇಲ್ಲ. ಪ್ಯಾಡ್ ಎಷ್ಟು ಸವೆದರೂ ಅದು ತನ್ನನ್ನು ತಾನೇ ಸರಿಹೊಂದಿಸಿಕೊಳ್ಳುತ್ತದೆ. ಪೆಡಲ್ ಇದ್ದಲ್ಲೇ ಇರುತ್ತದೆ. ಹಾಗಾಗಿ ಕೈಕೊಡುವ ದಿನದವರೆಗೂ ಯಾರಿಗೂ ಅದರ ನೆನಪಾಗುವುದಿಲ್ಲ.

ಆಯಿಲಿನ ಒತ್ತಡದಿಂದ ಬ್ರೇಕು ಹಿಡಿಯುವ ಏರ್ಪಾಡಿಗೆ ನೂರು ವರ್ಷ ದಾಟಿದೆ. ಅಮೆರಿಕದ ಮಾಲ್ಕಮ್ ಲಾಕ್‌ಹೀಡ್ 1917ರಲ್ಲಿ ಅದರ ಪೇಟೆಂಟು ಪಡೆದರು. 1921ರಲ್ಲಿ ಡ್ಯೂಸನ್‌ಬರ್ಗ್ ಕಾರಿನ ನಾಲ್ಕೂ ಚಕ್ರಗಳಿಗೆ ಅದು ಬಂತು. ಮೋಟಾರ್ ಸೈಕಲ್ಲಿಗೆ ಇಳಿಯಲು ಮತ್ತೆ ಬಹಳ ಕಾಲ ಹಿಡಿಯಿತು. 1969ರ ಹೋಂಡಾ ಸಿಬಿ 750 ಗಾಡಿಯ ಮುಂದಿನ ಚಕ್ರದಿಂದ ಆಯಿಲಿನ ಡಿಸ್ಕ್ ಬ್ರೇಕು ಜನಪ್ರಿಯವಾಯಿತು. ನಮ್ಮ ದೇಶದ ಕಥೆ ಬೇರೆ. ಎಂಬತ್ತರ ದಶಕದ ರಾಜ್‌ದೂತ್ 350, ಜಪಾನಿನ ಯಮಹಾದ ನಕ್ಷೆಯಿಂದ ಬಂದ ಬಿರುಸಿನ ಗಾಡಿ, ಇಲ್ಲಿಗೆ ಬರುವಾಗ ಡಿಸ್ಕ್ ಬಿಟ್ಟು ಡ್ರಮ್ ಹಾಕಿಕೊಂಡು ಬಂತು. ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿಗಳಿಗೂ ಡ್ರಮ್ಮೇ. 1999ರಲ್ಲಿ ಹೀರೋ ಹೋಂಡಾ ಸಿಬಿಜೆಡ್ ಬಂದ ಮೇಲೆ ಮುಂದಿನ ಡಿಸ್ಕ್ ನಮ್ಮ ಹುಡುಗರ ಬಾಯಲ್ಲಿ ಮನೆಮಾತಾಯಿತು. ಹಿಂದಿನ ಚಕ್ರಕ್ಕೆ ಅದು ಬಂದದ್ದು ಇನ್ನೂ ಈಚೆಗೆ. 2007ರ ಪಲ್ಸರ್ 220 ಅಂಥ ಮೊದಮೊದಲ ಗಾಡಿಗಳಲ್ಲಿ ಒಂದು. ಆ ಕಾಲದ ಗಾಡಿಗಳಿಗೆ ಈಗ ಹದಿನೈದು ವರ್ಷದ ಮೇಲಾಗಿದೆ. ಒಳಗಿನ ರಬ್ಬರಿಗೂ ಅಷ್ಟೇ ವಯಸ್ಸು. ಈ ವಿಷಯ ಈಗ ಎತ್ತಿಕೊಂಡದ್ದು ಅದಕ್ಕೇ.

ಇನ್ನು ಒಳಗೆ ಏನು ನಡೆಯುತ್ತದೆ ನೋಡೋಣ. ಪೆಡಲ್ ಒತ್ತಿದರೆ ಒಂದು ಕಡ್ಡಿ ಮಾಸ್ಟರ್ ಸಿಲಿಂಡರಿನ ಚಿಕ್ಕ ಪಿಸ್ಟನ್ನನ್ನು ತಳ್ಳುತ್ತದೆ. ಆ ಒತ್ತಡ ಆಯಿಲಿನ ಮೂಲಕ ಪೈಪಿನಲ್ಲಿ ಸಾಗಿ, ಚಕ್ರದ ಹತ್ತಿರ ಇರುವ ಕ್ಯಾಲಿಪರಿನ ದೊಡ್ಡ ಪಿಸ್ಟನ್ನನ್ನು ತಳ್ಳುತ್ತದೆ. ಅದು ಪ್ಯಾಡನ್ನು ಡಿಸ್ಕಿಗೆ ಅದುಮುತ್ತದೆ. ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಜಾರುವಂತೆ ಕೂತಿರುವುದರಿಂದ ಆಚೆ ಬದಿಯ ಪ್ಯಾಡೂ ಬಂದು ಡಿಸ್ಕನ್ನು ಕಚ್ಚುತ್ತದೆ. ಶಾಲೆಯಲ್ಲಿ ಓದಿದ ಪಾಸ್ಕಲ್ ನಿಯಮ, ಅಷ್ಟೇ.

ಒಂದು ಲೆಕ್ಕ ಹೇಳುತ್ತೇನೆ, ಬೇಸರಪಡಬೇಡಿ. ಈ ಲೆಕ್ಕ ಅರ್ಥವಾದರೆ ಗಾಳಿ ತೆಗೆಯುವ ಕೆಲಸ ತಾನಾಗಿ ಅರ್ಥವಾಗುತ್ತದೆ. ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಅರ್ಧ ಅಂಗುಲ, ಅಂದರೆ 12.7 ಮಿಲಿಮೀಟರ್ ಅಗಲ ಎಂದುಕೊಳ್ಳಿ. ಕ್ಯಾಲಿಪರಿನದು 32 ಮಿಲಿಮೀಟರ್. ಎರಡರ ವಿಸ್ತೀರ್ಣ ಹೋಲಿಸಿದರೆ ದೊಡ್ಡದು ಆರು ಪಟ್ಟಿಗಿಂತ ಸ್ವಲ್ಪ ಹೆಚ್ಚು. ಪೆಡಲ್ ತಾನೇ ಒಂದು ಸನ್ನೆ. ಅದರಿಂದ ನಾಲ್ಕು ಪಟ್ಟು. ಹೀಗೆ ನಿಮ್ಮ ಕಾಲಿನ ಹತ್ತು ಕಿಲೋ ಒತ್ತು ಪ್ಯಾಡಿನ ಹತ್ತಿರ ಹೋಗುವಾಗ ಇನ್ನೂರೈವತ್ತು ಕಿಲೋ ಆಗಿರುತ್ತದೆ. ಇಷ್ಟು ಲಾಭ ಪುಕ್ಕಟೆ ಸಿಗುವುದಿಲ್ಲ. ಬಲ ಎಷ್ಟು ಪಟ್ಟು ಹೆಚ್ಚಿತೋ ಚಲನೆ ಅಷ್ಟೇ ಪಟ್ಟು ಕುಗ್ಗಿತು. ಪೆಡಲ್ 25 ಮಿಲಿಮೀಟರ್ ಇಳಿದರೆ ಪ್ಯಾಡ್ ಸರಿಯುವುದು ಸುಮಾರು ಒಂದೇ ಮಿಲಿಮೀಟರ್. ಆ ಒಂದು ತುಳಿತಕ್ಕೆ ಮಾಸ್ಟರ್ ಸಿಲಿಂಡರಿನಿಂದ ಹೊರಡುವ ಆಯಿಲ್ ಮುಕ್ಕಾಲು ಮಿಲಿಲೀಟರ್, ಹದಿನೈದು ಹನಿ.

ಈಗ ಆ ದಾರಿಯಲ್ಲಿ ಹತ್ತು ಹನಿಯಷ್ಟು ಗಾಳಿ ಕೂತಿದೆ ಎನ್ನಿ. ಆಯಿಲ್ ಒತ್ತಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಕಾಲಿನ ಒತ್ತಡಕ್ಕೆ ಅದು ಮೂವತ್ತರಲ್ಲಿ ಒಂದು ಪಾಲಾಗಿ ಮುದುಡಿಕೊಳ್ಳುತ್ತದೆ. ಹದಿನೈದರಲ್ಲಿ ಹತ್ತು ಹನಿ ಅದನ್ನು ಮುದುಡಿಸುವುದಕ್ಕೇ ಖರ್ಚಾಯಿತು. ಮಿಕ್ಕಿದ್ದರಲ್ಲಿ ಪ್ಯಾಡ್ ಡಿಸ್ಕನ್ನು ಮುಟ್ಟಬೇಕು, ಒತ್ತಬೇಕು. ಪೆಡಲ್ ಮೆತ್ತಗೆ, ರಬ್ಬರ್ ಚೆಂಡು ತುಳಿದ ಹಾಗೆ ಆಗುವುದು ಇದರಿಂದ. ನಮ್ಮ ಮೆಕ್ಯಾನಿಕ್ಕುಗಳು 'ಏರ್ ಹಿಡಿದಿದೆ' ಎನ್ನುವುದು ಇದಕ್ಕೇ.

ಪಕ್ಕದ ಮನೆಯ ಹುಡುಗ ಒಂದು ದಿನ ಬೈಕು ತಳ್ಳಿಕೊಂಡು ಬಂದ. "ಮಾವ, ಬ್ರೇಕ್ ಒತ್ತಿದ್ರೆ ಹಿಡಿಯಲ್ಲ, ಬಿಟ್ರೆ ಬಿಡಲ್ಲ," ಎಂದ. ನಾನು ಕೇಳಿದ್ದು, "ಆಯಿಲ್ ಎಷ್ಟಿದೆಯೋ?" "ಫುಲ್ ಇದೆ ಮಾವ, ತಿಂಗಳಿಗೊಮ್ಮೆ ನಾನೇ ಹಾಕ್ತೀನಿ." ರೋಗ ಅವನ ಕೊನೆಯ ಮಾತಿನಲ್ಲೇ ಇತ್ತು. ಬ್ರೇಕ್ ಆಯಿಲ್ ಉರಿದು ಹೋಗುವ ವಸ್ತುವಲ್ಲ. ಡಬ್ಬಿಯಲ್ಲಿ ಅದರ ಮಟ್ಟ ಇಳಿಯಲು ಕಾರಣ ಎರಡೇ. ಒಂದು, ಪ್ಯಾಡ್ ಸವೆದು ಪಿಸ್ಟನ್ ಮುಂದೆ ಬಂದಿದೆ, ಅದರ ಹಿಂದಿನ ಜಾಗಕ್ಕೆ ಆಯಿಲ್ ಹೋಗಿದೆ. ಇದಕ್ಕೆ ಮೇಲಿಂದ ಸುರಿಯುವುದು ಮದ್ದಲ್ಲ. ಹೊಸ ಪ್ಯಾಡ್ ಹಾಕಿದ ದಿನ ಆ ಆಯಿಲೆಲ್ಲ ಹಿಂದಕ್ಕೆ ಬಂದು ಡಬ್ಬಿ ಉಕ್ಕುತ್ತದೆ. ಎರಡು, ಎಲ್ಲೋ ಸೋರುತ್ತಿದೆ. ಬ್ರೇಕಿನಲ್ಲಿ ಸಣ್ಣ ಸೋರಿಕೆ, ದೊಡ್ಡ ಸೋರಿಕೆ ಎಂಬ ಭೇದ ಇಟ್ಟುಕೊಳ್ಳಬಾರದು. ಮತ್ತೆ ಮತ್ತೆ ಆಯಿಲ್ ಸುರಿದು ದಿನ ದೂಡುವ ಅಭ್ಯಾಸ ನಮ್ಮಲ್ಲಿ ಬಹಳ ಹರಡಿದೆ, ಅದು ಅಪಾಯ.

ಎಲ್ಲಿ ಕೆಟ್ಟಿದೆ ಎಂದು ತಿಳಿಯುವುದು ಕಷ್ಟವಲ್ಲ. ಕ್ಯಾಲಿಪರಿನ ಸುತ್ತ ಒದ್ದೆ, ಧೂಳು ಕೆಸರಿನಂತೆ ಅಂಟಿದ್ದರೆ ಪಿಸ್ಟನ್ನಿನ ರಬ್ಬರು. ಪೆಡಲಿನ ಹತ್ತಿರ ಮಾಸ್ಟರ್ ಸಿಲಿಂಡರಿನ ಕೆಳಗಿನ ರಬ್ಬರ್ ಟೋಪಿ ಎತ್ತಿದಾಗ ಒಳಗೆ ಆಯಿಲ್ ಇದ್ದರೆ ಅಲ್ಲಿಯ ಪಿಸ್ಟನ್ನಿನ ಹೊರಬದಿಯ ರಬ್ಬರ್ ವಾಷರ್. ಹೊರಗೆ ಎಲ್ಲೂ ಹನಿಯಿಲ್ಲ, ಆದರೂ ಪೆಡಲ್ ಒತ್ತಿ ಹಿಡಿದರೆ ನಿಧಾನವಾಗಿ ಕೆಳಕ್ಕೆ ಇಳಿಯುತ್ತದೆ ಎಂದಾದರೆ ಅದೇ ಪಿಸ್ಟನ್ನಿನ ಒಳವಾಷರಿನ ತುಟಿ ಹಾಳಾಗಿ ಆಯಿಲ್ ಅದರ ಪಕ್ಕದಿಂದ ನುಸುಳುತ್ತಿದೆ. ಇನ್ನು ಚಕ್ರ ಕೈಯಲ್ಲಿ ತಿರುಗಿಸಿದರೆ ತಿರುಗುವುದೇ ಇಲ್ಲ, ಸ್ವಲ್ಪ ದೂರ ಓಡಿಸಿದರೆ ಡಿಸ್ಕ್ ಕಾದು ನೀರು ಚಿಮುಕಿಸಿದರೆ ಚುಂಯ್ ಎನ್ನುತ್ತದೆ ಎಂದರೆ ಬ್ರೇಕು ಬಿಡುತ್ತಿಲ್ಲ. ಇದಕ್ಕೆ ಕಾರಣ ಕ್ಯಾಲಿಪರಿನಲ್ಲೂ ಇರಬಹುದು, ಮಾಸ್ಟರ್ ಸಿಲಿಂಡರಿನಲ್ಲೂ ಇರಬಹುದು. ಕ್ಯಾಲಿಪರಿನಲ್ಲಿ ಗಾಳಿ ತೆಗೆಯಲೆಂದು ಇರುವ ನಿಪ್ಪಲ್ ಸ್ವಲ್ಪ ಸಡಿಲಿಸಿ ನೋಡಿ. ಒಂದೆರಡು ಹನಿ ಚಿಮ್ಮಿ ಚಕ್ರ ಬಿಟ್ಟುಕೊಂಡರೆ ಒತ್ತಡ ಮೇಲಕ್ಕೆ ವಾಪಸ್ಸಾಗುತ್ತಿಲ್ಲ, ದೋಷ ಮಾಸ್ಟರ್ ಸಿಲಿಂಡರಿನದ್ದು ಅಥವಾ ಪೈಪಿನದ್ದು. ಬಿಡದಿದ್ದರೆ ಕ್ಯಾಲಿಪರಿನ ಪಿಸ್ಟನ್ನೋ ಪಿನ್ನೋ ಕಚ್ಚಿಕೊಂಡಿದೆ.

ಮಾಸ್ಟರ್ ಸಿಲಿಂಡರಿನಲ್ಲಿ ಆಯಿಲ್ ಡಬ್ಬಿಗೆ ಹೋಗುವ ಸೂಜಿಮೊನೆಯಷ್ಟು ಸಣ್ಣ ತೂತೊಂದಿದೆ. ಬ್ರೇಕು ಬಿಟ್ಟಾಗ, ಬಿಸಿಯಾಗಿ ಹಿಗ್ಗಿದ ಆಯಿಲ್ ಹಿಂದಕ್ಕೆ ಹೋಗುವುದು ಅದರಿಂದಲೇ. ಕೊಳೆ ಕೂತು ಅದು ಮುಚ್ಚಿದರೆ ಗಾಡಿ ಓಡಿದಷ್ಟೂ ಬ್ರೇಕು ತಾನಾಗಿ ಬಿಗಿಯುತ್ತ ಹೋಗುತ್ತದೆ. ಕೊಳೆಯೇ ಬೇಕೆಂದಿಲ್ಲ. ಪೆಡಲಿನ ಎತ್ತರ ಸರಿ ಮಾಡಲು ಹೋಗಿ ಕಡ್ಡಿಯ ನಟ್ಟನ್ನು ಅತಿಯಾಗಿ ತಿರುಗಿಸಿ, ಒಂದೆರಡು ಮಿಲಿಮೀಟರಿನ ಸಡಿಲವನ್ನೂ ಉಳಿಸದಿದ್ದರೆ ಪಿಸ್ಟನ್ ಪೂರ್ತಿ ಹಿಂದೆ ಬರುವುದಿಲ್ಲ, ತೂತು ಮುಚ್ಚಿಯೇ ಇರುತ್ತದೆ. ಇದು ತಿಳಿಯದೆ ಕ್ಯಾಲಿಪರನ್ನು ಹತ್ತು ಸಲ ಬಿಚ್ಚಿದರೂ ಪ್ರಯೋಜನವಿಲ್ಲ.

ಈಗ ಕ್ಯಾಲಿಪರಿಗೆ ಬರೋಣ. ಪಿಸ್ಟನ್ನಿನ ಸುತ್ತ ಎರಡು ರಬ್ಬರ್ ಬಳೆಗಳಿರುತ್ತವೆ. ಒಳಗಿನದು ದಪ್ಪ, ಚೌಕ ಅಂಚಿನದು. ಆಯಿಲ್ ತಡೆಯುವುದು ಅದು. ಹೊರಗಿನದು ತೆಳು, ಧೂಳು ನೀರು ತಡೆಯುವುದು ಅದರ ಕೆಲಸ. ಒಳಗಿನ ಬಳೆ ಇನ್ನೊಂದು ಕೆಲಸವನ್ನೂ ಮಾಡುತ್ತದೆ, ನನಗೆ ಇಡೀ ಬ್ರೇಕಿನಲ್ಲಿ ಅತಿ ಜಾಣತನದ ಭಾಗ ಎನಿಸುವುದು ಅದೇ. ಕ್ಯಾಲಿಪರಿನ ಪಿಸ್ಟನ್ನನ್ನು ಹಿಂದಕ್ಕೆ ಎಳೆಯಲು ಸ್ಪ್ರಿಂಗ್ ಇಲ್ಲ. ಬ್ರೇಕು ಒತ್ತಿದಾಗ ಪಿಸ್ಟನ್ ಮುಂದೆ ಹೋಗುತ್ತದೆ, ಅದನ್ನು ಬಿಗಿಯಾಗಿ ತಬ್ಬಿಕೊಂಡ ಬಳೆಯ ಅಂಚೂ ಅದರ ಜೊತೆ ಸ್ವಲ್ಪ ಬಾಗುತ್ತದೆ. ಒತ್ತಡ ಬಿಟ್ಟಾಗ ರಬ್ಬರು ನೆಟ್ಟಗಾಗುತ್ತ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆಯುತ್ತದೆ. ಪ್ಯಾಡಿಗೂ ಡಿಸ್ಕಿಗೂ ನಡುವೆ ಬಿಡುವು ಬರುವುದು ಇಷ್ಟರಿಂದಲೇ. ಪ್ಯಾಡ್ ಸವೆದು ಹೆಚ್ಚು ದೂರ ಹೋಗಬೇಕಾದಾಗ ಪಿಸ್ಟನ್ ಬಳೆಯೊಳಗೆ ಜಾರಿ ಹೊಸ ಜಾಗದಲ್ಲಿ ನಿಲ್ಲುತ್ತದೆ. ಆ ಬಗ್ಗಿ ಬಿಗಿ ಮಾಡುವ ನಟ್ಟು ಬೇಡವಾದದ್ದು ಹೀಗೆ.

ಈ ಬಳೆಗಳು ಕೂರುವುದು ಅಲ್ಯೂಮಿನಿಯಂ ಕ್ಯಾಲಿಪರಿನಲ್ಲಿ ಕೊರೆದ ಸುತ್ತುಕಾಲುವೆಯಲ್ಲಿ. ಹೊರಗಿನ ತೆಳು ಬಳೆ ವಯಸ್ಸಾಗಿ ಗಟ್ಟಿಯಾದ ಮೇಲೆ ಆ ಕಾಲುವೆಗೆ ಕೆಸರುನೀರು ಹೊಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮೇಲೆ ಮಳೆ. ಘಟ್ಟದ ಕೆಳಗೆ ಉಡುಪಿ, ಮಂಗಳೂರಿನಲ್ಲಿ ಮಳೆಯ ಜೊತೆಗೆ ಉಪ್ಪುಗಾಳಿ. ಅಲ್ಯೂಮಿನಿಯಂ ಸುಣ್ಣದಂತೆ ಬೆಳ್ಳಗೆ ಅರಳುತ್ತದೆ. ಆ ಬಿಳಿ ಚಕ್ಕೆ ಬಳೆಯ ಬೆನ್ನ ಹಿಂದೆ ಬೆಳೆದು ಅದನ್ನು ಪಿಸ್ಟನ್ನಿನ ಮೇಲೆ ಅದುಮುತ್ತದೆ. ಬಳೆಗೆ ಬಾಗಲೂ ಆಗದು, ನೆಟ್ಟಗಾಗಲೂ ಆಗದು. ಪಿಸ್ಟನ್ ಕಚ್ಚಿಕೊಳ್ಳುತ್ತದೆ.

ಇವತ್ತಿನ ಮಾತಿನಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಿ. ರಬ್ಬರ್ ಬದಲಿಸುವ ಕೆಲಸ ಎಂದು ನಾವು ಕರೆಯುವುದು ನಿಜವಾಗಿ ಆ ಕಾಲುವೆಯನ್ನು ಕೆರೆದು ಶುದ್ಧ ಮಾಡುವ ಕೆಲಸ. ಹೊಸ ರಬ್ಬರು ಕೂರಿಸುವುದು ಐದು ನಿಮಿಷದ ಮಾತು. ಕಾಲುವೆಯ ತಳ, ಎರಡು ಗೋಡೆ, ಮೂಲೆಗಳನ್ನು ಲೋಹ ಹೊಳೆಯುವವರೆಗೆ ಬಿಡಿಸಲು ಅರ್ಧ ದಿನ ಹಿಡಿಯಬಹುದು. ಅವಸರದ ಗ್ಯಾರೇಜಿನಲ್ಲಿ ಇಷ್ಟು ಹೊತ್ತು ಕೂರುವವರಿಲ್ಲ, ಅವರಿಗೆ ದಿನಕ್ಕೆ ಹತ್ತು ಗಾಡಿ ಆಗಬೇಕು. ಈ ಕೆಲಸ ಮನೆಯಲ್ಲಿ ಗ್ಯಾರೇಜಿಗಿಂತ ಚೆನ್ನಾಗಿ ಆಗುತ್ತದೆ ಎಂದು ನಾನು ಹೇಳುವುದು ಈ ಕಾರಣಕ್ಕೆ. ಕೆರೆಯಲು ಸ್ಕ್ರೂಡ್ರೈವರ್ ತುದಿ ಬೇಡ, ಅಲ್ಯೂಮಿನಿಯಂ ಮೆದು, ಗೀರು ಬಿದ್ದರೆ ಅಲ್ಲಿಂದಲೇ ಸೋರುತ್ತದೆ. ಚೂಪು ಮಾಡಿದ ಬಿದಿರು ಕಡ್ಡಿ, ಹಿತ್ತಾಳೆ ತಂತಿ, ಹಳೆಯ ಹಲ್ಲುಜ್ಜುವ ಬ್ರಷ್ಷು ಸಾಕು.

ಕ್ರಮ ಹೀಗೆ. ಸಾಮಾನು ತಂದುಕೊಂಡೇ ಬಿಚ್ಚಿ: ನಿಮ್ಮ ಗಾಡಿಯದೇ ಕ್ಯಾಲಿಪರ್ ರಬ್ಬರ್ ಕಿಟ್, ಮಾಸ್ಟರ್ ಸಿಲಿಂಡರ್ ಕೆಟ್ಟಿದ್ದರೆ ಅದರ ಕಿಟ್, ಪೈಪಿನ ಬೋಲ್ಟಿನ ಎರಡು ಬದಿಗೆ ಹೊಸ ತಾಮ್ರದ ವಾಷರ್, ಸೀಲ್ ಒಡೆಯದ ಆಯಿಲ್ ಬಾಟಲಿ. ಕ್ಯಾಲಿಪರನ್ನು ಗಾಡಿಯಲ್ಲಿರುವಾಗಲೇ ಸೋಪು ನೀರಲ್ಲಿ ತೊಳೆಯಿರಿ. ನಿಪ್ಪಲನ್ನೂ ಪೈಪಿನ ಬೋಲ್ಟನ್ನೂ ಆಗಲೇ ಸ್ವಲ್ಪ ಸಡಿಲಿಸಿ ಮತ್ತೆ ಬಿಗಿದಿಡಿ. ಕ್ಯಾಲಿಪರ್ ಕೈಗೆ ಬಂದ ಮೇಲೆ ಹಿಡಿತ ಸಿಗುವುದಿಲ್ಲ. ನಿಪ್ಪಲ್ ಒಳಗೆ ಪೊಳ್ಳು. ಹನ್ನೆರಡು ಮೂಲೆಯ ಸ್ಪ್ಯಾನರಿನಲ್ಲಿ ಜೋರು ಮಾಡಿದರೆ ತಲೆ ಸವೆಯುತ್ತದೆ, ಇಲ್ಲವೇ ಕತ್ತು ಮುರಿಯುತ್ತದೆ. ಆರು ಮೂಲೆಯ ರಿಂಗ್ ಸ್ಪ್ಯಾನರ್ ಹಾಕಿ, ಬರದಿದ್ದರೆ ಸುತ್ತ ಬಿಸಿ ನೀರು ಹೊಯ್ದು, ಮೆಲ್ಲಗೆ ತಟ್ಟಿ, ಆಚೆ ಈಚೆ ಆಡಿಸಿ ಬಿಡಿಸಿ.

ಕಚ್ಚಿಕೊಂಡ ಪಿಸ್ಟನ್ನನ್ನು ಹೊರಗೆ ತೆಗೆಯಲು ಬ್ರೇಕಿಗಿಂತ ಒಳ್ಳೆಯ ಉಪಕರಣ ಇಲ್ಲ. ಪೈಪು ಕಳಚುವ ಮೊದಲು ಕ್ಯಾಲಿಪರನ್ನು ಡಿಸ್ಕಿನಿಂದ ಬಿಡಿಸಿ, ಪ್ಯಾಡ್ ತೆಗೆದು, ಎದುರಿಗೆ ಒಂದು ಮರದ ತುಂಡು ಇಟ್ಟು ಪೆಡಲನ್ನು ನಿಧಾನವಾಗಿ ಒತ್ತುತ್ತ ಹೋಗಿ. ಪಿಸ್ಟನ್ ತಾನೇ ಬರುತ್ತದೆ. ಎರಡು ಪಿಸ್ಟನ್ ಇದ್ದರೆ ಮೊದಲು ಬರುವುದನ್ನು ತಡೆದು ಹಿಡಿದು ಇನ್ನೊಂದನ್ನೂ ಸಮಕ್ಕೆ ತನ್ನಿ. ಒಂದು ಪೂರ್ತಿ ಹೊರಬಿದ್ದರೆ ಇನ್ನೊಂದಕ್ಕೆ ಒತ್ತಡ ಸಿಗದು. ಪಂಕ್ಚರ್ ಅಂಗಡಿಯ ಗಾಳಿ ಹಾಕಿ ಹಾರಿಸುವವರಿದ್ದಾರೆ. ಪಿಸ್ಟನ್ ಗುಂಡಿನ ಹಾಗೆ ಬರುತ್ತದೆ, ಎದುರಿಗಿದ್ದ ಬೆರಳು ಉಳಿಯುವುದಿಲ್ಲ. ಪಿಸ್ಟನ್ನಿನ ಮೈ ಮೇಲೆ ಉಗುರು ಆಡಿಸಿ ನೋಡಿ. ತುಕ್ಕಿನ ಗುಳಿಗೆ ಉಗುರು ಸಿಕ್ಕಿಕೊಂಡರೆ ಹೊಸ ಪಿಸ್ಟನ್ ಹಾಕಬೇಕು. ಎಮರಿ ಪೇಪರಿನಲ್ಲಿ ಉಜ್ಜಿದರೆ ಮೇಲಿನ ಲೇಪ ಹೋಗಿ ಇನ್ನೊಂದು ಮಳೆಗಾಲಕ್ಕೆ ತುಕ್ಕು ಗ್ಯಾರಂಟಿ.

ತೊಳೆಯುವ ವಿಷಯದಲ್ಲಿ ನಮ್ಮ ಒಂದು ಹಳೆಯ ಚಾಳಿಯನ್ನು ಬಿಡಬೇಕು. ಬಿಚ್ಚಿದ ಯಾವ ಭಾಗವನ್ನಾದರೂ ಪೆಟ್ರೋಲಿನಲ್ಲೋ ಸೀಮೆಎಣ್ಣೆಯಲ್ಲೋ ಅದ್ದಿ ತೊಳೆಯುವುದು ನಮ್ಮ ಗ್ಯಾರೇಜುಗಳ ರೂಢಿ. ಎಂಜಿನ್ನಿಗೆ ಅದು ಸರಿ. ಬ್ರೇಕಿನ ರಬ್ಬರು ಇಪಿಡಿಎಂ ಎಂಬ ಬೇರೆ ಜಾತಿಯದು. ಅದಕ್ಕೆ ಬ್ರೇಕ್ ಆಯಿಲ್ ಒಗ್ಗುತ್ತದೆ. ಪೆಟ್ರೋಲು, ಸೀಮೆಎಣ್ಣೆ, ಎಂಜಿನ್ ಆಯಿಲ್, ಮಾಮೂಲಿ ಗ್ರೀಸ್ ಸೋಕಿದರೆ ಉಬ್ಬಿ ಹಾಳಾಗುತ್ತದೆ. ಕೊಳೆ ಕೆರೆಯುವಾಗ ಸೋಪು ನೀರು ಬಳಸಿ ಪೂರ್ತಿ ಒಣಗಿಸಿ, ಕೊನೆಯ ತೊಳೆತ ಹೊಸ ಬ್ರೇಕ್ ಆಯಿಲಿನಲ್ಲೇ ಆಗಲಿ. ಹೊಸ ಬಳೆಗಳನ್ನೂ ಅದರಲ್ಲೇ ಅದ್ದಿ ಕೂರಿಸಿ, ತಿರುಚದಂತೆ ಬೆರಳಾಡಿಸಿ ನೋಡಿ, ಪಿಸ್ಟನ್ನನ್ನು ಹೆಬ್ಬೆರಳುಗಳಿಂದ ನೆಟ್ಟಗೆ ಒತ್ತಿ. ಒಳಗೆ ಹೋಗಲು ಸುತ್ತಿಗೆ ಬೇಕಾಯಿತು ಎಂದರೆ ಕಾಲುವೆಯಲ್ಲಿ ಇನ್ನೂ ಕೊಳೆ ಇದೆ, ಇಲ್ಲವೇ ಬಳೆ ಎದ್ದಿದೆ. ತೆಗೆದು ಮತ್ತೆ ನೋಡಿ. ಜಾರುವ ಪಿನ್ನುಗಳಿಗೆ ಮಾತ್ರ ಸಿಲಿಕೋನ್ ಗ್ರೀಸ್ ಸವರಿ. ಮಾಸ್ಟರ್ ಸಿಲಿಂಡರಿನ ಕಿಟ್ ಹಾಕುವುದಾದರೆ, ಬಿಚ್ಚುವಾಗ ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ವಾಷರಿನ ತುಟಿ ಯಾವ ಕಡೆಗಿತ್ತು ಎಂಬುದು ಜೋಡಿಸುವಾಗ ಯಾರಿಗೂ ನೆನಪಿರುವುದಿಲ್ಲ.

ಆಯಿಲ್ ಯಾವುದು? ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಎಂದು ಬರೆದಿರುತ್ತದೆ, ಅದನ್ನೇ ಹಾಕಿ. ಡಾಟ್ 5 ಎಂಬುದು ಸಿಲಿಕೋನ್ ಆಯಿಲ್, ಅದನ್ನು ಇವುಗಳ ಜೊತೆ ಬೆರೆಸಬಾರದು. ಡಾಟ್ 5.1 ಹೆಸರಿನಲ್ಲಿ ಹತ್ತಿರವಾದರೂ ಅದು ಬೇರೆ, ಡಾಟ್ 4ರ ಬಳಗದ್ದೇ. ಈ ಬಳಗದ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಹೊಸ ಡಾಟ್ 4 ಕಡಿಮೆಯೆಂದರೂ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ಶೇಕಡಾ 3.7ರಷ್ಟು ನೀರು ಸೇರಿದ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಆಗುಂಬೆಯಿಂದ ಸೋಮೇಶ್ವರಕ್ಕೆ ಹದಿನಾಲ್ಕು ತಿರುವು ಇಳಿಯುವಾಗ ಗೇರ್ ಇಳಿಸದೆ ಬಲಗಾಲನ್ನೇ ಪೆಡಲಿನ ಮೇಲೆ ಊರಿದ್ದರೆ ಕ್ಯಾಲಿಪರ್ ಕಾಯುತ್ತದೆ, ಹಳೆಯ ಆಯಿಲ್ ಕುದಿದು ಆವಿಯ ಗುಳ್ಳೆ ಏಳುತ್ತದೆ. ಆವಿಯೂ ಗಾಳಿಯ ಹಾಗೆ ಕುಗ್ಗುತ್ತದೆ. ಮೇಲಿನ ತಿರುವಿನಲ್ಲಿ ಇದ್ದ ಬ್ರೇಕು ಕೆಳಗಿನ ತಿರುವಿನಲ್ಲಿ ಇರುವುದಿಲ್ಲ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ ಎನ್ನುವುದು ಇದಕ್ಕೆ. ಕಳೆದ ವರ್ಷ ಅರ್ಧ ಬಳಸಿಟ್ಟ ಬಾಟಲಿಯ ಮೇಲೆ ಆಸೆ ಬೇಡ. ಈ ಆಯಿಲ್ ಪೇಂಟನ್ನು ತಿನ್ನುತ್ತದೆ, ಬಿದ್ದ ಕಡೆ ತಕ್ಷಣ ನೀರು ಸುರಿಯಿರಿ. ಕಣ್ಣಿಗೂ ಕೆಟ್ಟದು.

ಈಗ ಗಾಳಿ ತೆಗೆಯುವುದು. ಇಬ್ಬರಿದ್ದರೆ ಸುಲಭ. ಮೆಡಿಕಲ್ ಶಾಪಿನಲ್ಲಿ ಸಿಗುವ ಡ್ರಿಪ್ ಪೈಪಿನ ತುಂಡು ನಿಪ್ಪಲಿಗೆ ಸರಿಯಾಗಿ ಕೂರುತ್ತದೆ, ಒಳಗಿನ ಗುಳ್ಳೆಯೂ ಕಾಣುತ್ತದೆ. ಮೊದಲು ಸ್ಪ್ಯಾನರ್ ಹಾಕಿ, ಆಮೇಲೆ ಪೈಪು. ಪೈಪಿನ ಇನ್ನೊಂದು ತುದಿ ಸ್ವಲ್ಪ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿರಲಿ. ಪೆಡಲಿನ ಹತ್ತಿರ ಇರುವವರು ಮೂರು ನಾಲ್ಕು ಸಲ ನಿಧಾನವಾಗಿ ಒತ್ತಿ ಕೊನೆಗೆ ಒತ್ತಿಯೇ ಹಿಡಿದು "ಹಿಡಿದೆ" ಎನ್ನಬೇಕು. ಕೆಳಗೆ ಕೂತವರು ನಿಪ್ಪಲ್ ಕಾಲು ಸುತ್ತು ಸಡಿಲಿಸಬೇಕು. ಆಯಿಲ್, ಗುಳ್ಳೆ ಹೊರಬರುತ್ತವೆ, ಪೆಡಲ್ ಇಳಿಯುತ್ತದೆ. ನಿಪ್ಪಲ್ ಬಿಗಿದು "ಬಿಡು" ಎಂದ ಮೇಲೆಯೇ ಕಾಲು ತೆಗೆಯಬೇಕು. ಇಲ್ಲಿ ತಾಳ ತಪ್ಪಿ, ನಿಪ್ಪಲ್ ಮುಚ್ಚುವ ಮೊದಲೇ ಕಾಲು ಬಿಟ್ಟರೆ ನಿಪ್ಪಲಿನ ಎಳೆಗಳ ಪಕ್ಕದಿಂದ ಗಾಳಿ ಒಳಗೆ ಹೋಗುತ್ತದೆ. ಗಂಡ ಹೆಂಡಿರು ಸೇರಿ ಮಾಡಿದರೆ ಜಗಳವಾಗುವ ಜಾಗವೂ ಇದೇ.

ಪೆಡಲ್ ಬಡಬಡನೆ ಒತ್ತಬೇಡಿ, ಗಾಳಿ ನೊರೆಯಾಗಿ ಒಡೆದುಹೋದರೆ ಹೊರಗೆ ಬರುವುದು ಕಷ್ಟ. ಹಿಂದಿನ ಬ್ರೇಕಿನ ಡಬ್ಬಿ ಬಹಳ ಚಿಕ್ಕದು, ಕಣ್ಣು ಅದರ ಮೇಲೇ ಇರಲಿ. ಒಮ್ಮೆ ಬರಿದಾದರೆ ಮೇಲಿಂದಲೇ ಗಾಳಿ ಹೊಕ್ಕು ಕೆಲಸ ಮೊದಲಿನಿಂದ ಶುರು. ಮಾಸ್ಟರ್ ಸಿಲಿಂಡರಿನ ಹಳೆಯ ವಾಷರನ್ನೇ ಉಳಿಸಿಕೊಂಡಿದ್ದರೆ ಪೆಡಲಿನ ಕೆಳಗೊಂದು ಮರದ ತುಂಡು ಇಡಿ. ಯಾಕೆಂದರೆ ವರ್ಷಗಟ್ಟಲೆ ಅದು ಓಡಾಡಿದ್ದು ಸಿಲಿಂಡರಿನ ಮೊದಲರ್ಧದಲ್ಲಿ. ತಳದವರೆಗೆ ತುಳಿದರೆ, ಯಾವತ್ತೂ ಹೋಗದ ತುಕ್ಕಿನ ಜಾಗಕ್ಕೆ ಹೋಗಿ ತುಟಿ ಹರಿದುಕೊಳ್ಳುತ್ತದೆ.

ಬಾಟಲಿ ಪೂರ್ತಿ ಖಾಲಿಯಾದರೂ ಪೆಡಲ್ ಮೆತ್ತಗೇ ಇದೆ ಎಂಬ ದೂರು ಹಿಂದಿನ ಬ್ರೇಕಿನಲ್ಲಿ ಮುಂದಿನದಕ್ಕಿಂತ ಹೆಚ್ಚು. ಗಾಳಿ ಮೇಲಕ್ಕೆ ಹೋಗುತ್ತದೆ, ಆದ್ದರಿಂದ ನಿಪ್ಪಲ್ ಕ್ಯಾಲಿಪರಿನ ಅತಿ ಎತ್ತರದ ಜಾಗದಲ್ಲಿರಬೇಕು. ಕೆಲವು ಗಾಡಿಗಳಲ್ಲಿ ಕ್ಯಾಲಿಪರ್ ಕೂತ ಓರೆಗೆ ಹಾಗಿರುವುದಿಲ್ಲ. ಅದನ್ನು ಬಿಚ್ಚಿ, ಪ್ಯಾಡುಗಳ ನಡುವೆ ಡಿಸ್ಕಿನಷ್ಟೇ ದಪ್ಪದ ಹಲಗೆ ತುಂಡು ಸೇರಿಸಿ, ನಿಪ್ಪಲ್ ಮೇಲೆ ಬರುವಂತೆ ಎತ್ತಿ ಹಿಡಿದು ಗಾಳಿ ತೆಗೆಯಿರಿ. ಮಾಸ್ಟರ್ ಸಿಲಿಂಡರಿನ ಪೈಪಿನ ಬೋಲ್ಟಿನ ಹತ್ತಿರವೂ ಗುಳ್ಳೆ ಅಡಗುತ್ತದೆ. ಆಗಲೂ ಹೋಗದಿದ್ದರೆ ದೊಡ್ಡ ಸಿರಿಂಜಿನಲ್ಲಿ ಹೊಸ ಆಯಿಲ್ ತುಂಬಿ ಕೆಳಗಿನ ನಿಪ್ಪಲಿನಿಂದ ಮೆಲ್ಲಗೆ ಮೇಲಕ್ಕೆ ತಳ್ಳಿ. ಗಾಳಿ ತನಗೆ ಇಷ್ಟವಾದ ದಾರಿಯಲ್ಲೇ ಹೋಗಿ ಡಬ್ಬಿಯಲ್ಲಿ ಏಳುತ್ತದೆ. ಡಬ್ಬಿ ಉಕ್ಕದಂತೆ ಮೊದಲೇ ಸ್ವಲ್ಪ ತೆಗೆದಿರಿ. ರಾತ್ರಿಯಿಡೀ ಪೆಡಲನ್ನು ಹಗ್ಗದಿಂದ ಕಟ್ಟಿಟ್ಟರೆ ಬೆಳಿಗ್ಗೆ ಗಟ್ಟಿಯಾಗುತ್ತದೆ ಎನ್ನುವವರೂ ಇದ್ದಾರೆ. ನಾನು ಕಟ್ಟುವುದು ಬೇರೆ ಕಾರಣಕ್ಕೆ: ಕ್ಯಾಲಿಪರಿನ ಕೆಳಗೆ ಹಳೆಯ ಪೇಪರ್ ಹಾಸಿಟ್ಟರೆ ಎಲ್ಲಿಯಾದರೂ ಸೋರಿದ್ದು ಬೆಳಿಗ್ಗೆ ಗೊತ್ತಾಗುತ್ತದೆ.

ಎಬಿಎಸ್ ಇರುವ ಗಾಡಿಯವರಿಗೆ ಒಂದು ಮಾತು. 2018ರ ಏಪ್ರಿಲ್‌ನಿಂದ ಹೊಸ ಮಾದರಿಗಳಿಗೆ, 2019ರ ಏಪ್ರಿಲ್‌ನಿಂದ ಹಳೆಯ ಮಾದರಿಗಳಿಗೂ, 125 ಸಿಸಿ ಮೀರಿದರೆ ಎಬಿಎಸ್ ಕಡ್ಡಾಯವಾಯಿತು. ಆದರೆ ನಮ್ಮಲ್ಲಿ ಬಹಳ ಗಾಡಿಗಳದ್ದು ಒಂದೇ ಚಾನೆಲ್, ಮುಂದಿನ ಚಕ್ರಕ್ಕೆ ಮಾತ್ರ. ಅವುಗಳಲ್ಲಿ ಹಿಂದಿನ ಬ್ರೇಕು ಹಳೆಯ ರೀತಿಯದ್ದೇ, ಇಷ್ಟು ಹೊತ್ತು ಹೇಳಿದ್ದೆಲ್ಲ ಅದಕ್ಕೆ ಅನ್ವಯಿಸುತ್ತದೆ. ಹಿಂದಿನ ಪೈಪು ನೇರವಾಗಿ ಕ್ಯಾಲಿಪರಿಗೆ ಹೋಗದೆ ಎಬಿಎಸ್ ಪೆಟ್ಟಿಗೆಗೆ ಹೋಗಿ ಬರುತ್ತಿದ್ದರೆ ಅದರೊಳಗೆ ಸಿಕ್ಕ ಗಾಳಿ ತೆಗೆಯಲು ಕಂಪ್ಯೂಟರ್ ಜೋಡಿಸಬೇಕಾಗಬಹುದು. ಅಂಥದ್ದನ್ನು ಸರ್ವಿಸ್ ಸೆಂಟರಿಗೇ ಬಿಡಿ.

ಅಂಗಡಿಗೆ ಹೋದಾಗ "ಕಿಟ್ ಬರಲ್ಲ ಸಾರ್, ಇಡೀ ಕ್ಯಾಲಿಪರ್ ಹಾಕಿಸಿ" ಎಂಬ ಮಾತು ಕೇಳಬೇಕಾಗುತ್ತದೆ. ಸುಲಭಕ್ಕೆ ಒಪ್ಪಬೇಡಿ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಕೇಳಿದರೆ ಎಷ್ಟೋ ಗಾಡಿಗಳಿಗೆ ಸಿಗುತ್ತದೆ. ಅಂಗೈಯಗಲದ ಪ್ಲಾಸ್ಟಿಕ್ ಚೀಲದಲ್ಲಿ ಬರುವ ನಾಲ್ಕು ರಬ್ಬರಿನ ಬದಲು ಗಟ್ಟಿಮುಟ್ಟಾದ ಕ್ಯಾಲಿಪರನ್ನೇ ಎಸೆಯಿರಿ ಎನ್ನುವುದು ವ್ಯಾಪಾರದ ಅನುಕೂಲವೇ ಹೊರತು ರಿಪೇರಿ ಅಲ್ಲ. ಹಾಗೆಂದು ಹೆಸರಿಲ್ಲದ ಅಗ್ಗದ ಕಿಟ್ ಕೊಳ್ಳುವ ಉಳಿತಾಯವೂ ಬೇಡ.

ಎಲ್ಲ ಜೋಡಿಸಿದ ಮೇಲೆ ಡಿಸ್ಕನ್ನು ಒರೆಸಿ. ಆಯಿಲ್ ಕುಡಿದ ಪ್ಯಾಡ್‌ಗಳನ್ನು ಸುಟ್ಟು, ಉಜ್ಜಿ ಮತ್ತೆ ಹಾಕುವವರಿದ್ದಾರೆ. ಆ ಪ್ಯಾಡ್ ಎಸೆದುಬಿಡಿ. ಹಳೆಯ ಆಯಿಲನ್ನು ಚರಂಡಿಗೂ ಬಾವಿಕಟ್ಟೆಯ ಹತ್ತಿರವೂ ಚೆಲ್ಲದೆ, ಗ್ಯಾರೇಜಿನವರು ಎಂಜಿನ್ ಆಯಿಲ್ ಕೂಡಿಡುವ ಕಡೆ ಬೇರೆ ಡಬ್ಬಿಯಲ್ಲಿ ಕೊಟ್ಟುಬನ್ನಿ. ಗಾಡಿ ಹತ್ತುವ ಮೊದಲು ಪೆಡಲ್ ಹಲವು ಸಲ ಒತ್ತಿ ಪ್ಯಾಡ್‌ಗಳನ್ನು ಡಿಸ್ಕಿನ ಹತ್ತಿರ ತನ್ನಿ, ಇದನ್ನು ಮರೆತರೆ ಮೊದಲ ತುಳಿತಕ್ಕೆ ಬ್ರೇಕೇ ಇರುವುದಿಲ್ಲ. ಒಂದು ನಿಮಿಷ ಬಲವಾಗಿ ಒತ್ತಿ ಹಿಡಿಯಿರಿ. ಇಳಿಯಬಾರದು. ಬಿಟ್ಟ ಕೂಡಲೇ ಚಕ್ರ ಕೈಯಲ್ಲಿ ತಿರುಗಬೇಕು. ಆಮೇಲೆ ಅಂಗಳದಲ್ಲಿ, ಜನವಿಲ್ಲದ ಸಮತಟ್ಟು ದಾರಿಯಲ್ಲಿ, ಒಬ್ಬರೇ, ನಿಧಾನವಾಗಿ ಓಡಿಸಿ ನೋಡಿ.

ಈ ಪರೀಕ್ಷೆಯಲ್ಲಿ ಒಂದಾದರೂ ಅನುಮಾನ ಹುಟ್ಟಿಸಿದರೆ ಗಾಡಿಯನ್ನು ರಸ್ತೆಗೆ ತರಬೇಡಿ. ಗೂಡ್ಸ್ ಆಟೋದಲ್ಲಿ ಹಾಕಿಸಿ ಗೊತ್ತಿರುವ ಮೆಕ್ಯಾನಿಕ್ ಹತ್ತಿರ ಕಳಿಸಿ, ನೀವು ಏನೇನು ಬಿಚ್ಚಿದಿರಿ ಎಂಬುದನ್ನು ಮುಚ್ಚಿಡದೆ ಅವರಿಗೆ ಹೇಳಿ. ಮಾಡುವುದಿದ್ದರೆ ಮೇ ತಿಂಗಳೊಳಗೆ, ಮಳೆ ಹಿಡಿಯುವ ಮೊದಲು, ಒಣಹವೆಯಲ್ಲಿ ಮಾಡಿ ಮುಗಿಸಿ.